ಕ್ಯಾಬಿನ್‌ನಲ್ಲಿರುವ ಎರಡು ಹಳೆಯ ಯಂತ್ರಗಳನ್ನು ಏನು ಮಾಡುವುದು?

ಬಾಲ್ಕನಿ ಬಿ-12
ನನ್ನ ಸೋದರಮಾವ ಮೆಜೆಸ್ಟಿಕ್ ಕಡೆಯ ಒಂದು ಹಳೆಯ ಚಿತ್ರಮಂದಿರದಲ್ಲಿ ಮ್ಯಾನೇಜರ್. ಹೆಸರು ಬೇಡ, ಮಾಲೀಕರಿಗೆ ಹಿಡಿಸುವುದಿಲ್ಲ. ಬರುವ ತಿಂಗಳು ಅಲ್ಲಿ ಝೆನಾನ್ ದೀಪದ ಡಿಜಿಟಲ್ ಪ್ರೊಜೆಕ್ಟರ್ ತೆಗೆದು ಲೇಸರ್ ಹಾಕಿಸುತ್ತಿದ್ದಾರೆ. ಅದಕ್ಕೆ ಕ್ಯಾಬಿನ್‌ನಲ್ಲಿ ಜಾಗ ಬೇಕು. ಜಾಗ ಬೇಕೆಂದರೆ ಹನ್ನೆರಡು ವರ್ಷಗಳಿಂದ ಹಳೆಯ ಬೆಡ್‌ಶೀಟ್ ಹೊದ್ದುಕೊಂಡು ನಿಂತಿರುವ ಎರಡು 35 ಎಂಎಂ ಫಿಲಂ ಪ್ರೊಜೆಕ್ಟರ್ ಯಂತ್ರಗಳು ಹೋಗಬೇಕು. ಗುಜರಿಯವನು ಬಂದು, ಬೆರಳ ಗೆಣ್ಣಿನಿಂದ ಎರಡು ಸಲ ಬಡಿದು ನೋಡಿ, ಕಿಲೋ ಲೆಕ್ಕದಲ್ಲಿ ಬೆಲೆ ಹೇಳಿ ಹೋಗಿದ್ದಾನೆ.

ಮಾವನನ್ನು ದೂರಲಾರೆ. ಶುಕ್ರವಾರ ಜನ ಬಂದರೆ ಸಾಕು ಎನ್ನುವ ಸ್ಥಿತಿ. ಆದರೂ ಆ ಯಂತ್ರಗಳನ್ನು ತೂಕಕ್ಕೆ ಹಾಕುವುದೆಂದರೆ ನನಗೆ ಸಂಕಟ. ನನ್ನ ಪ್ರಶ್ನೆ ಎರಡು. ಲೇಸರ್ ನಿಜವಾಗಿಯೂ ಅಷ್ಟು ಒಳ್ಳೆಯದೇ, ಇಲ್ಲವೇ ಮಾರುವವರ ಮಾತೇ? ಮತ್ತು ಯಂತ್ರಗಳನ್ನು ಉಳಿಸಿಕೊಳ್ಳಲು ಏನಾದರೂ ದಾರಿ ಇದೆಯೇ?

ಗಾಂಧಿ ಕ್ಲಾಸ್
ಲೇಸರ್ ಹಾಕಿ, ಟಾರ್ಚ್ ಹಾಕಿ, ಏನಾದರೂ ಹಾಕಿ. ಮೊದಲು ಚಿತ್ರ ಕಣ್ಣಿಗೆ ಕಾಣುವಂತೆ ಮಾಡಿ. ಕಳೆದ ತಿಂಗಳು ಒಂದು ಚಿತ್ರಮಂದಿರದಲ್ಲಿ ಕುಳಿತಿದ್ದೆ. ರಾತ್ರಿಯ ಹೊಡೆದಾಟದಲ್ಲಿ ನಾಯಕ ಯಾರು, ಕಂಬ ಯಾವುದು ಗೊತ್ತಾಗಲಿಲ್ಲ. ಪಕ್ಕದವನು ಸದ್ದು ಕೇಳಿ ಶಿಳ್ಳೆ ಹೊಡೆಯುತ್ತಿದ್ದ. ಡಿಜಿಟಲ್ ಬಂದ ಮೇಲೆ ಶುರುವಾದ ರೋಗ ಇದು. ಫಿಲಂ ಕಾಲದಲ್ಲಿ ಹೀಗಿರಲಿಲ್ಲ.

ಪೋರ್ಟ್ ಗಾಜು
ಪ್ರೊಜೆಕ್ಟರ್ ಅಳವಡಿಸುವುದು, ರಿಪೇರಿ ಮಾಡುವುದು ನನ್ನ ಕೆಲಸ. ಗಾಂಧಿ ಕ್ಲಾಸ್ ಅವರೇ, ನೀವು ಕಂಡ ಕತ್ತಲೆ ನಿಜ. ಕಾರಣ ಮಾತ್ರ ಬೇರೆ.

ಪರದೆಯ ಮೇಲೆ ಬೀಳುವ ಬೆಳಕಿಗೆ ಒಂದು ಅಳತೆ ಇದೆ: 14 ಫುಟ್-ಲ್ಯಾಂಬರ್ಟ್. ಹಾಲಿವುಡ್ ಸ್ಟುಡಿಯೋಗಳು ಸೇರಿ 2005ರಲ್ಲಿ ಡಿಜಿಟಲ್ ಸಿನಿಮಾಕ್ಕೆ ನಿಯಮ ಬರೆದಾಗಲೂ ಇದನ್ನೇ ಇಟ್ಟರು. ಮೀಟರ್ ಹಿಡಿದು ನಾನು ಹೋದ ಕಡೆಗಳಲ್ಲಿ ಆರು, ಏಳು ಬಂದದ್ದೂ ಇದೆ. ಏಕೆ? ಝೆನಾನ್ ಬಲ್ಬಿಗೆ ಇಷ್ಟು ಗಂಟೆ ಎಂಬ ಆಯಸ್ಸು ಇರುತ್ತದೆ. ಆಯಸ್ಸು ಮುಗಿದ ಮೇಲೂ ಉರಿಯುತ್ತದೆ, ಆದರೆ ಮಂಕಾಗಿ. ಬಲ್ಬ್ ದುಬಾರಿ, ಆದ್ದರಿಂದ "ಇನ್ನೂ ಹತ್ತುತ್ತಿದೆಯಲ್ಲ" ಎಂದು ಓಡಿಸುತ್ತಾರೆ. ಅದರ ಮೇಲೆ 3ಡಿ ಬಂದ ಕಾಲದಲ್ಲಿ ಹಾಕಿಸಿದ ಬೆಳ್ಳಿ ಪರದೆ: ನಡುವೆ ಕುಳಿತವರಿಗೆ ಹೊಳಪು, ಬದಿಯಲ್ಲಿ ಕುಳಿತವರಿಗೆ ಮಬ್ಬು. ಅದರ ಮೇಲೆ ಕ್ಯಾಬಿನ್ ಕಿಟಕಿಯ ಗಾಜು. ನನ್ನ ಹೆಸರು ಎಲ್ಲಿಂದ ಬಂತು ಎಂದು ಈಗ ತಿಳಿಯಿತಲ್ಲವೇ? ಬೆಳಕೆಲ್ಲ ಆ ಒಂದು ಗಾಜಿನ ಮೂಲಕವೇ ಹೋಗಬೇಕು. ಒಂದು ಕಡೆ ಅದರ ಮೇಲೆ ಧೂಳು, ಎಣ್ಣೆ ಜಿಡ್ಡು, ಒಂದು ಒಣಗಿದ ಜೇಡ. ಒರೆಸಿದೆ, ಅಷ್ಟೆ. ಮಾಲೀಕರು ಬಂದು "ಹೊಸ ಬಲ್ಬ್ ಹಾಕಿದಿರಾ, ಎಷ್ಟಾಯಿತು?" ಎಂದು ಕೇಳಿದರು.

ಬಿ-12 ಅವರೇ, ಲೇಸರ್ ಒಳ್ಳೆಯದೇ. ಆದರೆ ಲೇಸರ್ ಎಂದು ಎರಡು ಬಗೆಯನ್ನು ಮಾರುತ್ತಾರೆ. ಒಂದರಲ್ಲಿ ನೀಲಿ ಲೇಸರ್ ಒಂದು ಫಾಸ್ಫರ್ ಚಕ್ರಕ್ಕೆ ಬಡಿದು ಹಳದಿ ಬೆಳಕು ಹೊಮ್ಮುತ್ತದೆ, ಅದರಿಂದ ಬಣ್ಣಗಳನ್ನು ಬೇರ್ಪಡಿಸುತ್ತಾರೆ. ಇದು ಅಗ್ಗ. ಇನ್ನೊಂದರಲ್ಲಿ ಕೆಂಪು, ಹಸಿರು, ನೀಲಿ ಮೂರೂ ಬೇರೆ ಬೇರೆ ಲೇಸರ್. ಬಣ್ಣ ಗಾಢ, ಬೆಲೆಯೂ ಗಾಢ. ಹಳೆಯ ಬೆಳ್ಳಿ ಪರದೆಯ ಮೇಲೆ ಇದನ್ನು ಬಿಟ್ಟರೆ ಬಿಳಿಯ ಜಾಗದಲ್ಲಿ ಮರಳು ಮಿನುಗಿದಂತೆ ಕಾಣುತ್ತದೆ. ನಿಮ್ಮ ಮಾವ ಯಾವುದನ್ನು ಕೊಳ್ಳುತ್ತಿದ್ದಾರೆ, ಪರದೆ ಯಾವುದು, ಅದನ್ನು ಮೊದಲು ಕೇಳಿ.

ಬಾಲ್ಕನಿ ಬಿ-12
ಕೇಳಿದೆ. ಫಾಸ್ಫರ್ ಬಗೆಯದು. ಪರದೆ ಬೆಳ್ಳಿಯದೇ, ಬದಲಿಸುವ ಯೋಚನೆ ಇಲ್ಲವಂತೆ. "ಇಪ್ಪತ್ತು ಸಾವಿರ ಗಂಟೆ ತಲೆನೋವಿಲ್ಲ" ಎಂದು ಮಾವ ಖುಷಿಯಾಗಿದ್ದಾರೆ.

ಪೋರ್ಟ್ ಗಾಜು
ಆ ಇಪ್ಪತ್ತು ಸಾವಿರ ಗಂಟೆಯ ಅರ್ಥ ತಿಳಿಸಿ ಅವರಿಗೆ. ಅಷ್ಟು ಹೊತ್ತಿಗೆ ಬೆಳಕು ಅರ್ಧಕ್ಕೆ ಇಳಿದಿರುತ್ತದೆ ಎಂದು ಅರ್ಥ. ದಿನಕ್ಕೆ ನಾಲ್ಕು ಆಟ, ಹನ್ನೆರಡು ಗಂಟೆ ಎಂದರೆ ನಾಲ್ಕೂವರೆ ವರ್ಷ. ಝೆನಾನ್ ಬಲ್ಬ್ ಸಾಯುವಾಗ ಗಲಾಟೆ ಮಾಡಿಯಾದರೂ ಸಾಯುತ್ತದೆ. ಕೆಲವೊಮ್ಮೆ ಪಟಾರನೆ ಒಡೆದು ಒಳಗಿನ ಕನ್ನಡಿಯನ್ನೂ ಜೊತೆಗೆ ಕರೆದೊಯ್ಯುತ್ತದೆ. ತಣ್ಣಗಿರುವಾಗಲೂ ಅದರೊಳಗೆ ಒತ್ತಡದಲ್ಲಿ ಅನಿಲ ಇರುತ್ತದೆ, ಅದಕ್ಕೇ ಮುಖಕ್ಕೆ ಕವಚ ಹಾಕಿಕೊಂಡು ಬದಲಿಸುತ್ತೇವೆ. ಲೇಸರ್ ಹಾಗಲ್ಲ, ದಿನಕ್ಕೆ ಒಂದು ಕೂದಲೆಳೆಯಷ್ಟು ಮಂಕಾಗುತ್ತ ಹೋಗುತ್ತದೆ. ಯಾರಿಗೂ ತಿಳಿಯುವುದಿಲ್ಲ. ಮೊದಲ ದಿನವೇ ಪೂರ್ತಿ ಶಕ್ತಿಯಲ್ಲಿ ಓಡಿಸದೆ, ಕಡಿಮೆಯಲ್ಲಿ ಇಟ್ಟು, ಮೂರು ತಿಂಗಳಿಗೊಮ್ಮೆ ಮೀಟರ್ ಹಿಡಿದು ಸ್ವಲ್ಪ ಸ್ವಲ್ಪ ಏರಿಸಬೇಕು. ಒಪ್ಪಂದದಲ್ಲಿ ಅದನ್ನು ಬರೆಸಿಕೊಳ್ಳಿ.

ಇನ್ನೊಂದು ಮಾತು, ಇದನ್ನು ಎಲ್ಲರೂ ಮರೆಯುತ್ತಾರೆ. ಚಿತ್ರ ಬರುವುದು ಬೀಗ ಹಾಕಿದ ಕಡತವಾಗಿ. ಬೀಗದ ಕೈ ಬೇರೆಯಾಗಿ ಬರುತ್ತದೆ, ಅದು ನಿಮ್ಮ ಸರ್ವರ್‌ಗೆ ಮಾತ್ರ ಹೊಂದುತ್ತದೆ. ಪ್ರೊಜೆಕ್ಟರ್ ಜೊತೆ ಸರ್ವರೂ ಬದಲಾದರೆ ಹಳೆಯ ಕೈ ಕೆಲಸಕ್ಕೆ ಬಾರದು. ಹೊಸದರ ಸಂಖ್ಯೆಯನ್ನು ಹಂಚಿಕೆದಾರರಿಗೆ ಮೊದಲೇ ಕೊಡದಿದ್ದರೆ ಶುಕ್ರವಾರ ಬೆಳಗಿನ ಆಟಕ್ಕೆ ಜನ ಒಳಗೆ ಕುಳಿತಿರುತ್ತಾರೆ, ನೀವು ಫೋನ್ ಹಿಡಿದು ಹೊರಗೆ ಓಡಾಡುತ್ತಿರುತ್ತೀರಿ.

ಕಾರ್ಬನ್ ಕೈ
ಮಗಳು ಈ ಚರ್ಚೆಯನ್ನು ತೋರಿಸಿದಳು. ನಾನು 1979ರಲ್ಲಿ ಸಹಾಯಕನಾಗಿ ಕ್ಯಾಬಿನ್ ಹತ್ತಿದವನು, 2012ರಲ್ಲಿ ಇಳಿದವನು. ಗಾಂಧಿ ಕ್ಲಾಸ್ ಅವರು ಫಿಲಂ ಕಾಲದಲ್ಲಿ ಹೀಗಿರಲಿಲ್ಲ ಎಂದಿದ್ದಾರೆ. ಸ್ವಾಮಿ, ಆಗಲೂ ಹೀಗೇ ಇತ್ತು. ದೀಪವಾಗಿ ಉರಿಯುವ ಕಾರ್ಬನ್ ಕಡ್ಡಿ ಉಳಿಸಲು ಕರೆಂಟ್ ಇಳಿಸಿ ಓಡಿಸುವವರನ್ನು ನಾನು ಕಂಡಿದ್ದೇನೆ. ಮಾಲೀಕರು ಹೇಳಿದಾಗ ನಾನೂ ಇಳಿಸಿದ್ದೇನೆ. ಸುಳ್ಳು ಹೇಳುವುದೇಕೆ?

ಆದರೆ ಒಂದು ವ್ಯತ್ಯಾಸ ಇತ್ತು. ಕಾರ್ಬನ್ ಯಂತ್ರವನ್ನು ಬಿಟ್ಟು ಹೊರಗೆ ಹೋಗಲು ಆಗುತ್ತಿರಲಿಲ್ಲ. ಎರಡು ಕಡ್ಡಿಗಳು ಎದುರುಬದುರಾಗಿ ಉರಿಯುತ್ತವೆ, ತಾಮ್ರದ ಲೇಪ ಕರಗಿ ಹನಿಹನಿಯಾಗಿ ಕೆಳಗಿನ ತಟ್ಟೆಗೆ ಬೀಳುತ್ತದೆ, ಹೊಗೆ ಮೇಲಿನ ಕೊಳವೆಯಲ್ಲಿ ಹೋಗುತ್ತದೆ. ಉರಿದಂತೆ ನಡುವಿನ ಅಂತರ ಹೆಚ್ಚುತ್ತದೆ. ಅದನ್ನು ಸರಿ ಮಾಡುತ್ತಲೇ ಇರಬೇಕು. ಮೋಟಾರ್ ಇತ್ತು, ಆದರೆ ಅದನ್ನು ನಂಬಿದವನು ಕೆಟ್ಟ. ದೀಪದ ಮನೆಯ ಪಕ್ಕದಲ್ಲಿ ಚಿಕ್ಕ ರಂಧ್ರ, ಅದರಿಂದ ಉರಿಯ ನೆರಳು ಒಂದು ಬಿಳಿ ರಟ್ಟಿನ ಮೇಲೆ ಬೀಳುತ್ತಿತ್ತು. ರಟ್ಟಿನ ಮೇಲೆ ಪೆನ್ಸಿಲ್ ಗೆರೆ. ನೆರಳು ಗೆರೆ ದಾಟಿದರೆ ಕೈ ತಾನಾಗಿ ಹಿಡಿಕೆಗೆ ಹೋಗುತ್ತಿತ್ತು. ಪರದೆಯನ್ನು ನೋಡಬೇಕಾಗಿಯೇ ಇರಲಿಲ್ಲ. ಊಟ ಮಾಡುವಾಗ ಎಡಗೈ ಅಲ್ಲಿ, ಬಲಗೈ ಡಬ್ಬಿಯಲ್ಲಿ.

ಒಂದು ರೀಲು ಎರಡು ಸಾವಿರ ಅಡಿ, ಇಪ್ಪತ್ತೆರಡು ನಿಮಿಷ. ಅದು ಮುಗಿಯುವ ಎಂಟು ಸೆಕೆಂಡ್ ಮೊದಲು ಪರದೆಯ ಬಲ ಮೇಲ್ಮೂಲೆಯಲ್ಲಿ ಒಂದು ಚುಕ್ಕೆ ಬರುತ್ತದೆ. ಎರಡನೇ ಯಂತ್ರದ ಮೋಟಾರ್ ಹಾಕಬೇಕು. ಕೊನೆಯ ಸೆಕೆಂಡಿನಲ್ಲಿ ಇನ್ನೊಂದು ಚುಕ್ಕೆ. ಆಗ ಬದಲಿಸಬೇಕು, ಚಿತ್ರ ಮತ್ತು ಧ್ವನಿ ಎರಡನ್ನೂ. ಧ್ವನಿ ಚಿತ್ರಕ್ಕಿಂತ ಸುಮಾರು ಇಪ್ಪತ್ತು ಫ್ರೇಮ್ ಮುಂದೆ ಅಚ್ಚಾಗಿರುತ್ತದೆ, ನಡುವೆ ಸಡಿಲವಾಗಿ ಬಿಡುವ ಫಿಲಂನ (ಲೂಪ್) ಅಳತೆ ತಪ್ಪಿದರೆ ನಾಯಕಿ ಬಾಯಿ ಮುಚ್ಚಿದ ಮೇಲೆ ಮಾತು ಕೇಳಿಸುತ್ತದೆ. ಹಾಡಿನ ನಡುವೆ ರೀಲು ಮುಗಿಯುವ ಪ್ರಿಂಟ್ (ಚಿತ್ರದ ಫಿಲಂ ಪ್ರತಿ) ಬಂದರೆ ನಮಗೆ ಪರೀಕ್ಷೆ. ಸರಿಯಾಗಿ ಬದಲಿಸಿದರೆ ಕೆಳಗೆ ಯಾರಿಗೂ ಗೊತ್ತಾಗದು. ತಪ್ಪಿದರೆ ಮಾತ್ರ ನಮ್ಮ ನೆನಪು ಬರುತ್ತಿತ್ತು, ತಾಯಿಯ ಸಮೇತ.

ತಂಗಿ, ನಿಮ್ಮ ಮಾವನ ಯಂತ್ರಗಳು ಯಾವ ಕಂಪನಿಯವು? ಫೋಟೋ ಇದ್ದರೆ ಹಾಕಿ.

ಲೆಕ್ಕದ ಪುಸ್ತಕ
ನಾನು ಗಾಂಧಿನಗರದಲ್ಲಿ ಒಬ್ಬ ಹಂಚಿಕೆದಾರರ ಲೆಕ್ಕ ಬರೆಯುತ್ತಿದ್ದವನು. ಎಲ್ಲರೂ ಬೆಳಕಿನ ಮಾತನ್ನೇ ಆಡುತ್ತಿದ್ದೀರಿ. ಯಂತ್ರ ಬದಲಾದಾಗ ರಸ್ತೆಯೇ ಬದಲಾಯಿತು, ಅದನ್ನು ಯಾರೂ ಹೇಳುತ್ತಿಲ್ಲ.

ಒಂದು ಪ್ರಿಂಟ್ ಎಂದರೆ ಕೊನೆಕೊನೆಗೆ ಅರವತ್ತು ಸಾವಿರದ ಆಸುಪಾಸು. ನೂರು ಊರಿಗೆ ನೂರು ಪ್ರಿಂಟ್ ಹಾಕಿಸುವ ಧೈರ್ಯ ಯಾರಿಗಿತ್ತು? ಹಾಗಾಗಿ ಚಿತ್ರ ಮೊದಲು ಕೆಂಪೇಗೌಡ ರಸ್ತೆಯ "ಮೇನ್ ಥಿಯೇಟರ್"ಗೆ, ಕೆಲವು ದೊಡ್ಡ ಊರುಗಳಿಗೆ. ಅಲ್ಲಿ ಓಡಿ ಸವೆದ ಪ್ರಿಂಟ್ ತಾಲ್ಲೂಕಿಗೆ, ಅಲ್ಲಿಂದ ಹೋಬಳಿಗೆ. ಹೋಬಳಿ ತಲುಪುವ ಹೊತ್ತಿಗೆ ಮಳೆ ಇಲ್ಲದ ದೃಶ್ಯದಲ್ಲೂ ಮಳೆ. ಊರಿನವರಿಗೆ ಕಾಯುವ ತಾಳ್ಮೆ ಇಲ್ಲದಿದ್ದರೆ ಬಸ್ ಹತ್ತಿ ಮೆಜೆಸ್ಟಿಕ್‌ಗೆ ಬರುತ್ತಿದ್ದರು. ನೂರು ದಿನ, ಇಪ್ಪತ್ತೈದು ವಾರ ಎಂದು ಕಟೌಟ್ ನಿಲ್ಲುತ್ತಿದ್ದದ್ದು ಚಿತ್ರದ ಗುಣಕ್ಕೆ ಮಾತ್ರವಲ್ಲ, ಪ್ರಿಂಟಿನ ಕೊರತೆಗೂ ಹೌದು.

2005ರ ನಂತರ ಉಪಗ್ರಹದ ಮೂಲಕ ಚಿತ್ರ ಕಳುಹಿಸುವ ಕಂಪನಿಗಳು ಬಂದವು. ಯುಎಫ್‌ಒ, ಕ್ಯೂಬ್ ಹೆಸರುಗಳನ್ನು ಚಿತ್ರ ಶುರುವಾಗುವ ಮೊದಲು ನೀವೆಲ್ಲ ಓದಿದ್ದೀರಿ. ಮೈಸೂರು, ಮಾಲೂರು, ಮಾನ್ವಿ ಎಲ್ಲೆಡೆ ಒಂದೇ ಶುಕ್ರವಾರ. ಹೋಬಳಿಯವನಿಗೂ ಗೀರಿಲ್ಲದ ಚಿತ್ರ ಸಿಕ್ಕಿತು, ಅದು ನ್ಯಾಯವೇ. ಆದರೆ ಬಸ್ ಹತ್ತಿ ಬರುವ ಕಾರಣ ಹೋಯಿತು. ನೂರು ದಿನದ ಹಣ ಮೂರು ವಾರಾಂತ್ಯಕ್ಕೆ ಇಳಿಯಿತು. ಸಾವಿರ ಆಸನದ ಮಂದಿರ ಸೋಮವಾರ ಖಾಲಿ. ಸಾಗರ್, ಕೆಂಪೇಗೌಡ, ಹಿಮಾಲಯ, ಅಲಂಕಾರ್, ಕಲ್ಪನಾ ಒಂದೊಂದಾಗಿ ಹೋದವು. ಕೆಲವು ಡಿಜಿಟಲ್ ಬರುವ ಮೊದಲೇ ಹೋದವು, ನೆಲದ ಬೆಲೆ ಅವನ್ನು ತಿಂದಿತು, ಒಪ್ಪುತ್ತೇನೆ. ಇಡೀ ಪ್ರದೇಶಕ್ಕೆ ಹೆಸರು ಕೊಟ್ಟ ಮೆಜೆಸ್ಟಿಕ್ ಚಿತ್ರಮಂದಿರವೇ ಇಲ್ಲ. ಬಸ್ ನಿರ್ವಾಹಕ ಮಾತ್ರ ಇವತ್ತಿಗೂ ಅದರ ಹೆಸರನ್ನು ಕೂಗುತ್ತಾನೆ.

ಪ್ರಿಂಟಿನ ಖರ್ಚು ಉಳಿಯಿತು ಎಂದು ನಿರ್ಮಾಪಕ ಕುಣಿದದ್ದೂ ಹೆಚ್ಚು ದಿನ ಇರಲಿಲ್ಲ. ಡಿಜಿಟಲ್ ಕಂಪನಿಗಳು ಪ್ರಿಂಟಿನ ಬದಲಿಗೆ ಶುಲ್ಕ ಹಾಕಿದವು. ಯಂತ್ರದ ಸಾಲ ತೀರುವವರೆಗೆ ಎಂದು ಶುರುವಾದದ್ದು ತೀರಲೇ ಇಲ್ಲ. 2018ರ ಮಾರ್ಚ್‌ನಲ್ಲಿ ದಕ್ಷಿಣದ ನಿರ್ಮಾಪಕರು ಹೊಸ ಚಿತ್ರ ಬಿಡುಗಡೆಯನ್ನೇ ನಿಲ್ಲಿಸಿ ಜಗಳಕ್ಕೆ ಇಳಿದದ್ದು ಇದಕ್ಕೇ.

ಗಾಂಧಿ ಕ್ಲಾಸ್
ಕಪಾಲಿಯನ್ನು ಬಿಟ್ಟಿರಲ್ಲ. ಏಷ್ಯಾದಲ್ಲೇ ದೊಡ್ಡ ಪರದೆ.

ಲೆಕ್ಕದ ಪುಸ್ತಕ
ಏಷ್ಯಾದಲ್ಲೇ ದೊಡ್ಡದು ಎಂದು ನನ್ನ ಅಪ್ಪನೂ ಹೇಳುತ್ತಿದ್ದರು. ಟೇಪು ಹಿಡಿದು ಏಷ್ಯಾ ಸುತ್ತಿದವರನ್ನು ನಾನು ಕಂಡಿಲ್ಲ. ದೊಡ್ಡದಂತೂ ಹೌದು. 1968ರಲ್ಲಿ ಮೊರಾರ್ಜಿ ದೇಸಾಯಿ ಉದ್ಘಾಟಿಸಿದರು, 2017ರಲ್ಲಿ ಕೆಡವಿದರು.

ಪೋರ್ಟ್ ಗಾಜು
ಕಪಾಲಿಯ ಮಾತು ಬಂದದ್ದು ಒಳ್ಳೆಯದಾಯಿತು. ಅದು ಸಿನೆರಾಮಾ ಹೆಸರಿನಲ್ಲಿ ಮೆರೆದ ಮಂದಿರ. ಮೂಲ ಸಿನೆರಾಮಾ 1952ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದದ್ದು: ಮೂರು ಯಂತ್ರ, ಮೂರು ಫಿಲಂ, 146 ಡಿಗ್ರಿ ಬಾಗಿದ ಪರದೆ. ಮೂರು ಚಿತ್ರ ಸೇರುವ ಎರಡು ಗೆರೆಗಳು ಎಷ್ಟು ಮಾಡಿದರೂ ಕಾಣುತ್ತಿದ್ದವು. ಖರ್ಚು ತಾಳಲಾರದೆ 1960ರ ದಶಕದಲ್ಲೇ ಒಂದೇ 70 ಎಂಎಂ ಫಿಲಂಗೆ ಇಳಿದರು. ಅಂದರೆ "ಹೊಸ ತಂತ್ರಜ್ಞಾನ ಬಂದು ಹಳೆಯ ವೈಭವ ಹೋಯಿತು" ಎನ್ನುವ ಗೋಳು ಆಗಲೇ ಇತ್ತು.

ಇನ್ನು ಫಿಲಂ ಪಕ್ಷದವರಿಗೆ ನಾನೇ ಒಂದು ಅಸ್ತ್ರ ಕೊಡುತ್ತೇನೆ. ಸಿನಿಮಾಸ್ಕೋಪ್‌ನಲ್ಲಿ ವಿಶೇಷ ಮಸೂರದಿಂದ ಅಗಲದ ಚಿತ್ರವನ್ನು ಹಿಂಡಿ 35 ಎಂಎಂ ಫ್ರೇಮ್‌ನ ಪೂರ್ತಿ ಎತ್ತರದಲ್ಲಿ ಅಚ್ಚು ಹಾಕುತ್ತಿದ್ದರು. ಕನ್ನಡಕ್ಕೆ ಅದು 1977ರಲ್ಲಿ "ಸೊಸೆ ತಂದ ಸೌಭಾಗ್ಯ"ದೊಂದಿಗೆ ಬಂತು. ದೊಡ್ಡ ಚಿತ್ರಕ್ಕೆ ದೊಡ್ಡ ಫ್ರೇಮ್. ಡಿಜಿಟಲ್ 2ಕೆಯಲ್ಲಿ (ಅಗಲಕ್ಕೆ ಸುಮಾರು ಎರಡು ಸಾವಿರ ಚುಕ್ಕೆ) ಇದು ತಿರುಗುಮುರುಗು. ಒಟ್ಟು 1080 ಸಾಲುಗಳಿವೆ, ಸ್ಕೋಪ್ ಚಿತ್ರ ಬಳಸುವುದು 858 ಮಾತ್ರ. ಉಳಿದದ್ದು ಮೇಲೆ ಕೆಳಗೆ ಕಪ್ಪು ಪಟ್ಟಿಯಾಗಿ ವ್ಯರ್ಥ. ಅತಿ ಅಗಲದ ಚಿತ್ರಕ್ಕೆ ಅತಿ ಕಡಿಮೆ ಚುಕ್ಕೆಗಳು. ಆದರೂ ನೂರನೆಯ ಸಲ ಓಡಿದ ಪ್ರಿಂಟಿಗಿಂತ ಇದೇ ಮೇಲು ಎಂದು ನಾನು ವಾದಿಸುತ್ತೇನೆ. ಮೊದಲ ದಿನದ, ಒಳ್ಳೆಯ ಲ್ಯಾಬಿನ ಪ್ರಿಂಟ್ ಎದುರಿಗಿಟ್ಟರೆ ಬಾಯಿ ಮುಚ್ಚಿಕೊಳ್ಳುತ್ತೇನೆ.

ಟೂರಿಂಗ್ ಟಾಕೀಸು
ನಮ್ಮ ಊರಿನ ಟೆಂಟಿನಲ್ಲಿ ಒಂದೇ ಯಂತ್ರ. ಪ್ರತಿ ರೀಲಿಗೂ ದೀಪ ಹತ್ತುತ್ತಿತ್ತು. ಸೆನ್ಸಾರ್ ಪ್ರಮಾಣಪತ್ರ ಬಂದ ಕೂಡಲೇ "ಹದಿನಾರು ರೀಲು!" (ಅದು ಸಾವಿರ ಅಡಿಯ ರೀಲಿನ ಲೆಕ್ಕ) ಎಂದು ಯಾರಾದರೂ ಕೂಗುತ್ತಿದ್ದರು, ಎಲ್ಲರಿಗೂ ಸಮಾಧಾನ, ಕೊಟ್ಟ ಕಾಸಿಗೆ ಮೋಸವಿಲ್ಲ ಎಂದು. ಇವತ್ತು ಎಷ್ಟು ಜಿಬಿ ಎಂದು ಯಾರೂ ಕೂಗುವುದಿಲ್ಲ.

ಪಾಲೊ ಆಲ್ಟೊ ವಾಸಿ
ಉಳಿಸಿಕೊಳ್ಳುವ ದಾರಿ ಕೇಳಿದ್ದೀರಿ. ನಮ್ಮ ಊರಿನಲ್ಲಿ ಸ್ಟ್ಯಾನ್‌ಫರ್ಡ್ ಥಿಯೇಟರ್ ಎಂದು ಒಂದಿದೆ, 1925ರ ಕಟ್ಟಡ. ಹಳೆಯ ಚಿತ್ರಗಳನ್ನು 35 ಎಂಎಂ ಫಿಲಂನಲ್ಲಿಯೇ ತೋರಿಸುತ್ತಾರೆ, ಆಟದ ಮೊದಲು ಒಬ್ಬರು ಆರ್ಗನ್ ನುಡಿಸುತ್ತಾರೆ. ಸುತ್ತಲೂ ಕಂಪ್ಯೂಟರ್ ಕಂಪನಿಗಳು, ನಡುವೆ ಇದು. ವಾರಾಂತ್ಯದಲ್ಲಿ ನಾನೂ ಹೆಂಡತಿಯೂ ಹೋಗುತ್ತೇವೆ. ಬೆಂಗಳೂರಿನಲ್ಲಿ ಅಂಥದ್ದೊಂದು ಏಕೆ ಆಗಬಾರದು?

ಲೆಕ್ಕದ ಪುಸ್ತಕ
ಅಣ್ಣಾ, ಅದರ ಹಿಂದೆ ಪ್ಯಾಕರ್ಡ್ ಕುಟುಂಬದ ಪ್ರತಿಷ್ಠಾನದ ಹಣ ಇದೆ ಎಂಬುದನ್ನೂ ಬರೆಯಿರಿ. ಟಿಕೆಟ್ ಹಣದಲ್ಲಿ ನಡೆಯುವುದಲ್ಲ ಅದು. ಇಲ್ಲಿ ಬಿ-12 ಅವರ ಮಾವನ ಹಿಂದೆ ಇರುವುದು ವಿದ್ಯುತ್ ಬಿಲ್ಲು.

ಪಾಲೊ ಆಲ್ಟೊ ವಾಸಿ
ಸರಿಯಾದ ಮಾತು. ನಾನು ಅದನ್ನು ಬಿಟ್ಟದ್ದು ತಪ್ಪು.

ಪೋರ್ಟ್ ಗಾಜು
ಫಿಲಂ ತೋರಿಸುವ ಕನಸು ಸದ್ಯಕ್ಕೆ ಬೇಡ. ಪ್ರಿಂಟ್ ಎಲ್ಲಿಂದ ತರುತ್ತೀರಿ? ಫ್ಯೂಜಿಯವರು 2013ರಲ್ಲಿ ಸಿನಿಮಾ ಫಿಲಂ ತಯಾರಿಕೆಯನ್ನೇ ನಿಲ್ಲಿಸಿದರು, ಕೊಡಾಕ್ ಅದಕ್ಕೂ ಒಂದು ವರ್ಷ ಮೊದಲು ದಿವಾಳಿ ಅರ್ಜಿ ಹಾಕಿತ್ತು. ಹಳೆಯ ಕನ್ನಡ ಪ್ರಿಂಟ್‌ಗಳಲ್ಲಿ ಎಷ್ಟೋ ಬೆಳ್ಳಿ ತೆಗೆಯುವವರ ಪಾಲಾದವು. ಉಳಿದವಕ್ಕೆ ಪುಣೆಯ ಚಲನಚಿತ್ರ ಸಂಗ್ರಹಾಲಯವೇ ಗತಿ. ಆದರೆ ಒಂದು ಯಂತ್ರವನ್ನು ಕೆಳಗಿನ ಲಾಬಿಯಲ್ಲಿ ನಿಲ್ಲಿಸಬಹುದು. ಮುಚ್ಚಳ ತೆಗೆದು, ಒಳಗಿನ ಹಲ್ಲುಚಕ್ರ ಕಾಣುವಂತೆ. ಮಕ್ಕಳು ಪಾಪ್‌ಕಾರ್ನ್ ಸಾಲಿನಲ್ಲಿ ನಿಂತಾಗ ಹಿಡಿಕೆ ತಿರುಗಿಸಿ ನೋಡಲಿ.

ಬಾಲ್ಕನಿ ಬಿ-12
ಇವತ್ತು ಕ್ಯಾಬಿನ್‌ಗೆ ಹೋಗಿದ್ದೆ. ಹೊರಗಿನ ಕಬ್ಬಿಣದ ಮೆಟ್ಟಿಲು, ಒಬ್ಬರು ಹತ್ತಿದರೆ ಇನ್ನೊಬ್ಬರು ಇಳಿಯುವಂತಿಲ್ಲ. ಬೆಡ್‌ಶೀಟ್ ತೆಗೆದೆ. ಎರಡೂ ಫೋಟೋಫೋನ್ ಕಂಪನಿಯವು, ಹಸಿರು ಬಣ್ಣ. ದೀಪದ ಮನೆಯ ಪಕ್ಕದಲ್ಲಿ ರಟ್ಟು ಇಲ್ಲ, ಆದರೆ ಗೋಡೆಯ ಸುಣ್ಣದ ಮೇಲೆ ಪೆನ್ಸಿಲ್ ಗೆರೆ ಇದೆ! ಕಾರ್ಬನ್ ಕೈ ಅವರು ಬರೆದಿರದಿದ್ದರೆ ಅದು ಏನೆಂದು ನನಗೆ ತಿಳಿಯುತ್ತಲೇ ಇರಲಿಲ್ಲ. ಕಪಾಟಿನ ಕೆಳಗೆ ಒಂದು ತಗಡಿನ ಡಬ್ಬಿ, ಒಳಗೆ ಗಾಜಿನ ಸ್ಲೈಡ್‌ಗಳು: ಒಂದು ಸೀರೆ ಅಂಗಡಿ, ಒಂದು ಹಲ್ಲುಪುಡಿ, "ದಯವಿಟ್ಟು ಧೂಮಪಾನ ಮಾಡಬೇಡಿ", ಮತ್ತು "ವಾಹನ ಸಂಖ್ಯೆ" ಎಂದು ಬರೆದು ಮುಂದೆ ಖಾಲಿ ಬಿಟ್ಟದ್ದು.

ಕಾರ್ಬನ್ ಕೈ
ಖಾಲಿ ಬಿಟ್ಟ ಸ್ಲೈಡ್ ಅಡ್ಡ ನಿಂತ ಗಾಡಿಗಳಿಗೆ. ಶಾಯಿಯಲ್ಲಿ ಬರೆದು ತೋರಿಸಿ, ಆಮೇಲೆ ಉಗುಳಿನಿಂದ ಒರೆಸುತ್ತಿದ್ದೆವು.

ನಾನು ಒಂದು ಸಲ ಆ ಸ್ಲೈಡ್‌ಗಳಿಂದಲೇ ಮಾನ ಉಳಿಸಿಕೊಂಡೆ. ಎರಡು ಮಂದಿರಕ್ಕೆ ಒಂದೇ ಪ್ರಿಂಟ್, ಆಟಗಳ ನಡುವೆ ಮುಕ್ಕಾಲು ಗಂಟೆ ಅಂತರ. ಅಲ್ಲಿ ಮುಗಿದ ರೀಲನ್ನು ಹುಡುಗ ಸೈಕಲ್ಲಿನಲ್ಲಿ ತರಬೇಕು. ಆ ದಿನ ಮೈಸೂರು ಬ್ಯಾಂಕ್ ವೃತ್ತದಲ್ಲಿ ಮೆರವಣಿಗೆ. ನನ್ನ ಯಂತ್ರದಲ್ಲಿ ಆರನೇ ರೀಲು ಮುಗಿಯುತ್ತಿದೆ, ಏಳನೆಯದು ಜನರ ನಡುವೆ ಸಿಕ್ಕಿಕೊಂಡಿದೆ. ಎಲ್ಲ ಸ್ಲೈಡ್ ಹಾಕಿದೆ. ಮತ್ತೆ ಹಾಕಿದೆ. ಸೀರೆ ಅಂಗಡಿ ಮೂರನೇ ಸಲ ಬಂದಾಗ ಕುರ್ಚಿ ಬಡಿಯುವ ಸದ್ದು ಶುರುವಾಯಿತು. ಕೊನೆಗೆ ಆರನೇ ರೀಲು ಸುತ್ತಿ ಅದರ ಹಾಡನ್ನೇ ಮತ್ತೆ ಬಿಟ್ಟೆ. ಜನ ಎದ್ದು ಕುಣಿದರು, ಒನ್ಸ್ ಮೋರ್ ಎಂದುಕೊಂಡರು. ಹುಡುಗ ಬೆವರಿಳಿಸುತ್ತ ಮೆಟ್ಟಿಲು ಹತ್ತಿ ಬಂದ. ಮ್ಯಾನೇಜರ್ ನನಗೆ ಕಾಫಿ ಕಳುಹಿಸಿದರು, ಸಂಬಳದಲ್ಲಿ ಹತ್ತು ರೂಪಾಯಿಯನ್ನೂ ಹಿಡಿದರು.

ಬಾಲ್ಕನಿ ಬಿ-12
ಕೆಟ್ಟ ಸುದ್ದಿ. ನಾನು ಮಾವನ ಜೊತೆ ಮಾತನಾಡಿ ಒಪ್ಪಿಸುವ ಮೊದಲೇ ನಿನ್ನೆ ಗುಜರಿಯವರು ಬಂದಿದ್ದರು. ಒಂದು ಯಂತ್ರವನ್ನು ಬಿಚ್ಚಿ ತೆಗೆದುಕೊಂಡು ಹೋಗಿದ್ದಾರೆ. ಇನ್ನೊಂದರ ಬುಡದ ಬೋಲ್ಟ್ ತುಕ್ಕು ಹಿಡಿದು ಅಲುಗಾಡಲಿಲ್ಲವಂತೆ, ಗ್ಯಾಸ್ ಕಟರ್ ತರುತ್ತೇವೆ ಎಂದು ಹೋಗಿದ್ದಾರೆ. ಮಾವನ ಹತ್ತಿರ ಜಗಳವಾಡಿದೆ. "ಲಾಬಿಯಲ್ಲಿ ಇಡುವುದಾದರೆ ಇಡು, ಇಳಿಸುವ ಕೂಲಿ ನಿನ್ನದು" ಎಂದರು. ಗ್ಯಾಸ್ ಕಟರ್ ಬೇಡ ಎಂದು ಫೋನ್ ಮಾಡಿಸಿದ್ದೇನೆ.

ಬೆಳ್ಳಿ ಪರದೆಯ ವಿಷಯ ಮಾತ್ರ ಕಿವಿಗೆ ಹಾಕಿಕೊಂಡರು. ಹೊಸ ಪರದೆಗೆ ದರ ಕೇಳುತ್ತಿದ್ದಾರೆ. ಪೋರ್ಟ್ ಗಾಜು ಅವರಿಗೆ ಧನ್ಯವಾದ.

ಕಾರ್ಬನ್ ಕೈ
ಹೋದದ್ದು ಎಡಗಡೆಯದೋ ಬಲಗಡೆಯದೋ?

ಬಾಲ್ಕನಿ ಬಿ-12
ಪರದೆಯ ಕಡೆ ಮುಖ ಮಾಡಿ ನಿಂತರೆ ಬಲಗಡೆಯದು.

ಕಾರ್ಬನ್ ಕೈ
ಹಾಗಾದರೆ ಉಳಿದದ್ದು ಒಂದನೇ ನಂಬರ್. ಆಟ ಶುರುವಾಗುತ್ತಿದ್ದದ್ದು ಅದರಲ್ಲೇ. ತುಕ್ಕು ಹಿಡಿದ ಬೋಲ್ಟಿಗೆ ಸುತ್ತಿಗೆ ಹಾಕಿಸಬೇಡಿ. ಸೀಮೆಎಣ್ಣೆ ಬಟ್ಟೆ ಸುತ್ತಿ ಎರಡು ದಿನ ಬಿಡಿ. ಗುರುವಾರ ಮ್ಯಾಟಿನಿ ಹೊತ್ತಿಗೆ ಬರುತ್ತೇನೆ, ಮಾವನಿಗೆ ಹೇಳಿರಿ. ಸ್ಪ್ಯಾನರ್ ನನ್ನ ಹತ್ತಿರ ಇದೆ. ಮೆಟ್ಟಿಲು ಹತ್ತುವಾಗ ಮಾತ್ರ ಯಾರಾದರೂ ಹಿಂದೆ ಇರಬೇಕು, ಮಂಡಿ ಮೊದಲಿನಂತಿಲ್ಲ.